ಹತ್ತು ನಿಮಿಷದ ಆಡಿಷನ್, ಒಂದು ವರ್ಷದ ತಾಲೀಮು

ಇಂಜಿನಿಯರಿಂಗ್ ಸೀಟಿಗೆ ಅಂಕ ಬೇಕು, ರ‍್ಯಾಂಕ್ ಬೇಕು. ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಪಾಶ್ಚಾತ್ಯ ವಾದ್ಯ ಸಂಗೀತ ಓದಬೇಕೆಂದರೆ ಅಂಕಪಟ್ಟಿಯೊಂದೇ ಸಾಲದು. ಪ್ರಾಧ್ಯಾಪಕರ ಎದುರು ಕುಳಿತು ಹತ್ತು ಹದಿನೈದು ನಿಮಿಷ ನುಡಿಸಿ ತೋರಿಸಬೇಕು. ಇದೇ ಆಡಿಷನ್. ಪಿಟೀಲು, ಪಿಯಾನೊ ಕಲಿತವರ ಆತಂಕಗಳೆಲ್ಲ ಬಸೂನ್ ನುಡಿಸುವ ವಿದ್ಯಾರ್ಥಿಗೂ ಇರುತ್ತವೆ. ಅದರ ಮೇಲೆ ಇನ್ನೊಂದು ಹೊರೆ: ತನ್ನ ವಾದ್ಯದ ಅತಿ ಮುಖ್ಯ ಭಾಗವನ್ನು ಆತ ತಾನೇ ಕೆತ್ತಿಕೊಳ್ಳಬೇಕು!

ಆರ್ಕೆಸ್ಟ್ರಾದ ನಡುವೆ ವಾದಕರ ತಲೆಗಿಂತ ಮೇಲಕ್ಕೆ ಚಾಚಿಕೊಂಡ ಕಂದುಗೆಂಪು ಮರದ ಕೊಳವೆಗಳನ್ನು ಟಿ.ವಿ.ಯಲ್ಲಿ ನೀವು ನೋಡಿರಬಹುದು. ಅದೇ ಬಸೂನ್. ಮೇಪಲ್ ಮರದ್ದು. ಒಳಗಿನ ಕೊಳವೆ ಸುಮಾರು 2.5 ಮೀಟರ್ ಉದ್ದ. ಮಡಚಿ ನಿಲ್ಲಿಸಿದಂತಿರುವುದರಿಂದ ಎತ್ತರ 1.3 ಮೀಟರಿನಷ್ಟು. ತೂಕ ಮೂರು ಕಿಲೋ ಆಸುಪಾಸು. ಹತ್ತೂ ಬೆರಳಿಗೆ ಕೆಲಸ. ಎಡಗೈ ಹೆಬ್ಬೆರಳೊಂದೇ ಎಂಟೊಂಬತ್ತು ಕೀಲಿಗಳನ್ನು ನೋಡಿಕೊಳ್ಳಬೇಕು. ನಮ್ಮ ನಾಗಸ್ವರ, ಶಹನಾಯಿಗಳಂತೆ ಇದೂ ಜೋಡಿ ಪೀಪಿಯ ವಾದ್ಯ. ಮದುವೆಮನೆಯಲ್ಲಿ ಓಲಗದವರು ಪೀಪಿಯನ್ನು ಬಾಯಲ್ಲಿ ನೆನೆಸಿ, ತಿದ್ದಿ, ಮತ್ತೆ ಊದಿ ನೋಡುವುದನ್ನು ಕಂಡವರಿಗೆ ಬಸೂನ್ ವಾದಕನ ಪಾಡು ಬೇಗ ಅರ್ಥವಾಗುತ್ತದೆ.

ಪೀಪಿಯ ಪಾಡು

ಅಲ್ಲಿ ಪೀಪಿಗೆ ರೀಡ್ ಎನ್ನುತ್ತಾರೆ. ಬಿದಿರನ್ನು ಹೋಲುವ ಅರುಂಡೊ ಡೊನಾಕ್ಸ್ ಎಂಬ ಹುಲ್ಲಿನ ಕಡ್ಡಿಯಿಂದ ಇದನ್ನು ಮಾಡುತ್ತಾರೆ. ದಕ್ಷಿಣ ಫ್ರಾನ್ಸಿನ ವಾರ್ ಪ್ರದೇಶದ ಕಡ್ಡಿಗೆ ಹೆಸರು ಹೆಚ್ಚು. ಕಡ್ಡಿಯನ್ನು ನೆನೆಸಿ, ಒಳಭಾಗ ಕೆತ್ತಿ, ಮಡಚಿ, ತಂತಿ ಬಿಗಿದು, ದಾರ ಸುತ್ತಿ, ತುದಿ ಕತ್ತರಿಸಿ, ಆಮೇಲೆ ಚಾಕುವಿನಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹೆರೆಯುತ್ತಾ ಹೋಗಬೇಕು. ಒಂದು ಎಳೆ ಹೆಚ್ಚು ಹೆರೆದರೆ ಅಷ್ಟೂ ಶ್ರಮ ಕಸದ ಬುಟ್ಟಿಗೆ. ಚೆನ್ನಾಗಿ ಬಂದದ್ದೂ ಕೆಲವು ವಾರಗಳಲ್ಲಿ ಸೋಲುತ್ತದೆ. ಗಾಳಿಯ ತೇವ ಬದಲಾದರೆ, ಎತ್ತರದ ಊರಿಗೆ ಹೋದರೆ, ನಿನ್ನೆ ಚೆನ್ನಾಗಿ ನುಡಿದ ರೀಡ್ ಇಂದು ಮುನಿಸಿಕೊಳ್ಳುತ್ತದೆ. ಬಹುಪಾಲು ಆಡಿಷನ್‌ಗಳು ನಡೆಯುವುದು ಜನವರಿ, ಫೆಬ್ರವರಿಯ ಕೊರೆಯುವ ಚಳಿಯಲ್ಲಿ, ಬೇರೆ ಬೇರೆ ಊರುಗಳಲ್ಲಿ ಎಂಬುದನ್ನು ಮರೆಯಬೇಡಿ.

ಹಾಗಾಗಿ ತಯಾರಿ ಎಂದರೆ ಬರೀ ಬೆರಳುಗಳ ತಾಲೀಮಲ್ಲ. ರೀಡ್ ತಿದ್ದುವುದನ್ನು ಪ್ರೌಢಶಾಲೆಯ ಕೊನೆಯ ವರ್ಷಕ್ಕೆ ಮುಂಚಿನ ಬೇಸಿಗೆಯಲ್ಲೇ ಶುರು ಮಾಡಬೇಕು. ಕೊಂಡ ರೀಡ್‌ಗಳಿಂದಲೇ ಕಾಲ ತಳ್ಳುವವರೂ ಇದ್ದಾರೆ. ಅದೇನೂ ಅಪರಾಧವಲ್ಲ. ಆದರೆ ಆ ದಿನ ಬೆಳಿಗ್ಗೆ ರೀಡ್ ಕೈಕೊಟ್ಟರೆ ಎರಡು ಸಲ ಹೆರೆದು ಸರಿಪಡಿಸುವಷ್ಟಾದರೂ ತಿಳಿದಿರಬೇಕಲ್ಲವೇ? ಪಳಗಿಸಿದ ಮೂರು ನಾಲ್ಕು ರೀಡ್‌ಗಳಾದರೂ ಪೆಟ್ಟಿಗೆಯಲ್ಲಿರಲಿ.

ಏನು ನುಡಿಸಬೇಕು?

ಹೆಚ್ಚಿನ ಕಡೆ ಕೇಳುವುದು ಸ್ವರಶ್ರೇಣಿಗಳು, ಮಿಲ್ಡೆ ಅಥವಾ ವೈಸೆನ್‌ಬಾರ್ನ್ ಅವರ ಅಭ್ಯಾಸಪಾಠ, ಒಂದು ಕಂಚೆರ್ಟೊದ ಭಾಗ. ಹದಿನೆಂಟರ ಮೊಜಾರ್ಟ್ 1774ರಲ್ಲಿ ಬರೆದ ಬಸೂನ್ ಕಂಚೆರ್ಟೊ ಬಹುತೇಕ ಎಲ್ಲ ಪಟ್ಟಿಗಳಲ್ಲೂ ಇರುತ್ತದೆ. ನೋಡಲು ಸುಲಭ, ಕೆಳಸ್ವರದಿಂದ ಮೇಲಕ್ಕೆ ಹಾರುವಾಗ ಮಾತ್ರ ಎಲ್ಲವೂ ಬಯಲಾಗುತ್ತದೆ. ನಡುಸ್ಥಾಯಿಯ ಕೆಲವು ಸ್ವರಗಳು ಒಡೆಯದೆ ಹುಟ್ಟಬೇಕಾದರೆ ಎಡ ಹೆಬ್ಬೆರಳು ಒಂದು ಕೀಲಿಯನ್ನು ಕ್ಷಣಮಾತ್ರ ತಟ್ಟಬೇಕು. ಕೇಳುವವರ ಕಿವಿ ಮೊದಲು ಹೋಗುವುದು ಅಲ್ಲಿಗೇ.

ಆರ್ಕೆಸ್ಟ್ರಾ ಕೃತಿಗಳಿಂದ ಆಯ್ದ ತುಣುಕುಗಳನ್ನೂ ಕೇಳುವುದುಂಟು. ಚೈಕೊವ್‌ಸ್ಕಿಯ ಆರನೆಯ ಸಿಂಫನಿ (1893) ಬಸೂನ್‌ನ ಕೆಳಸ್ಥಾಯಿಯ ಪಿಸುಮಾತಿನಿಂದಲೇ ಆರಂಭವಾಗುತ್ತದೆ. ಅದೇ ಭಾಗದಲ್ಲಿ ಮುಂದೆ ನಾಲ್ಕು ಸ್ವರಗಳ ಕೆಳಗೆ ಮೆಲುದನಿಯ ‘ಪಿ’ ಗುರುತನ್ನು ಆತ ಆರು ಸಲ ಬರೆದಿದ್ದಾನೆ! ಅಷ್ಟು ಮೆಲ್ಲಗೆ ಬಸೂನ್ ನುಡಿಯುವುದು ಕಷ್ಟವೆಂದು ಅನೇಕ ಆರ್ಕೆಸ್ಟ್ರಾಗಳು ಆ ನಾಲ್ಕು ಸ್ವರಗಳನ್ನು ಬಾಸ್ ಕ್ಲಾರಿನೆಟ್‌ಗೆ ಒಪ್ಪಿಸಿಬಿಡುತ್ತವೆ.

ಕೈಗೆಟುಕದ ಕೃತಿಯನ್ನು ಆರಿಸಿ ಬೆರಗುಗೊಳಿಸಲು ಹೋಗಬೇಡಿ. ಪ್ರಾಧ್ಯಾಪಕರು ಹುಡುಕುವುದು ಸಿದ್ಧಗೊಂಡ ವಿದ್ವಾಂಸನನ್ನಲ್ಲ, ನಾಲ್ಕು ವರ್ಷ ಕಲಿಸಲು ಒದಗುವ ವಿದ್ಯಾರ್ಥಿಯನ್ನು. ನಡುವೆ ನಿಲ್ಲಿಸಿ, ‘ಇದನ್ನೇ ಇನ್ನೂ ನಿಧಾನವಾಗಿ ನುಡಿಸಿ’ ಎಂದರೆ ಎದೆಗುಂದಬೇಕಿಲ್ಲ. ಹೇಳಿದ್ದು ಕಿವಿಗೆ ಬಿತ್ತೇ, ನುಡಿಸಾಣಿಕೆ ಬದಲಾಯಿತೇ ಎಂದು ನೋಡುತ್ತಿರುತ್ತಾರೆ. ಇದೇ ಕಾರಣಕ್ಕೆ, ಅರ್ಜಿ ಹಾಕುವ ಮೊದಲೇ ಆ ಪ್ರಾಧ್ಯಾಪಕರಿಂದ ಒಂದು ಪಾಠ ಹೇಳಿಸಿಕೊಳ್ಳುವುದು ಜಾಣತನ. ವಿಶ್ವವಿದ್ಯಾಲಯದ ಹೆಸರಿಗಿಂತ ಗುರುವಿನ ಹೊಂದಾಣಿಕೆ ದೊಡ್ಡದೆಂದು ನನಗನಿಸುತ್ತದೆ.

ತಂದೆತಾಯಿಗಳ ಲೆಕ್ಕ

ಅಪ್ಪ ಅಮ್ಮನ ಮೊದಲ ಪ್ರಶ್ನೆ ಖರ್ಚಿನದು. ಒಳ್ಳೆಯ ಬಸೂನ್‌ಗೆ ಸಾವಿರಾರು ಡಾಲರ್. ಜರ್ಮನಿಯ ಹೆಕೆಲ್ ಕಂಪೆನಿಯದ್ದಾದರೆ ಹತ್ತಾರು ಸಾವಿರ. ಹೀಗಾಗಿ ಅನೇಕ ಮಕ್ಕಳು ಶಾಲೆಯ ವಾದ್ಯವನ್ನೇ ಎರವಲು ಪಡೆದು ಕಲಿತಿರುತ್ತಾರೆ. ಪ್ರೌಢಶಾಲೆ ಮುಗಿದೊಡನೆ ಅದನ್ನು ಹಿಂದಿರುಗಿಸಬೇಕು! ಸೇರಲಿರುವ ಕಡೆ ವಾದ್ಯ ಕೊಡುತ್ತಾರೆಯೇ ಎಂದು ಮೊದಲೇ ವಿಚಾರಿಸುವುದು ಒಳಿತು.

ಎರಡನೆಯ ಪ್ರಶ್ನೆ ಸೀಟಿನದು. ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆ 1928ರಿಂದ ಯಾರಿಂದಲೂ ಬೋಧನಾ ಶುಲ್ಕ ಪಡೆದಿಲ್ಲ. ಆದರೆ ಅಲ್ಲಿ ತೆಗೆದುಕೊಳ್ಳುವುದು ತಮ್ಮ ಆರ್ಕೆಸ್ಟ್ರಾಕ್ಕೆ ಬೇಕಾದಷ್ಟೇ ಮಂದಿಯನ್ನು. ಜಾಗ ಖಾಲಿಯಿಲ್ಲದ ವರ್ಷ ಎಷ್ಟು ಚೆನ್ನಾಗಿ ನುಡಿಸಿದರೇನು? ಇನ್ನೊಂದೆಡೆ, ಬಸೂನ್ ಕಲಿಯುವವರೇ ಕಡಿಮೆ. ಆರ್ಕೆಸ್ಟ್ರಾ ಇರುವ ಪ್ರತಿ ಕಾಲೇಜಿಗೂ ಕನಿಷ್ಠ ಇಬ್ಬರು ಬೇಕು. ಕೊರತೆ ಇರುವ ಕಡೆ ವಿದ್ಯಾರ್ಥಿವೇತನದ ಬಾಗಿಲು ತೆರೆಯುವ ಸಂಭವವೂ ಹೆಚ್ಚು. ಈ ವರ್ಷ ಎಷ್ಟು ಬಸೂನ್ ಜಾಗಗಳಿವೆ ಎಂದು ಬರೆದು ಕೇಳುವುದರಲ್ಲಿ ಸಂಕೋಚ ಬೇಡ.

ಮೂರನೆಯದು ಕಹಿ. ದೊಡ್ಡ ಆರ್ಕೆಸ್ಟ್ರಾ ಒಂದರಲ್ಲಿ ಬಸೂನ್ ಕುರ್ಚಿಗಳು ಮೂರೋ ನಾಲ್ಕೋ. ಅಲ್ಲಿರುವವರು ನಿವೃತ್ತರಾಗುವವರೆಗೆ ಅವು ತೆರವಾಗುವುದು ಅಪರೂಪ. ಇದನ್ನು ಮಗುವಿನ ಮುಂದೆ ಮುಚ್ಚಿಡುವುದಕ್ಕಿಂತ ಸಂಗೀತ ಶಿಕ್ಷಣದ ಪದವಿ, ಇನ್ನೊಂದು ವಿಷಯದೊಡನೆ ಜೋಡಿ ಪದವಿ ಇಂಥ ದಾರಿಗಳನ್ನು ಆಡಿಷನ್‌ಗೆ ಮುಂಚೆಯೇ ಒಟ್ಟಿಗೆ ಕುಳಿತು ಮಾತನಾಡುವುದು ಮೇಲು. ವಿಜ್ಞಾನ ಓದುತ್ತಲೇ ಕ್ಯಾಂಪಸ್ ಆರ್ಕೆಸ್ಟ್ರಾದಲ್ಲಿ ನುಡಿಸುವವರೂ ಉಂಟು.

ಆಡಿಷನ್ ದಿನ ತಂದೆತಾಯಿ ಮಾಡಬಹುದಾದ ಸಹಾಯ ಚಿಕ್ಕದು. ಹೊರಗಿನ ಹಿಮದಿಂದ ಒಳಬಂದ ಕೂಡಲೇ ನುಡಿಸಲು ಅವಸರಪಡಿಸಬಾರದು. ತಣ್ಣಗಾದ ಮರ ಕೋಣೆಯ ಶಾಖಕ್ಕೆ ಹೊಂದಿಕೊಳ್ಳಲಿ, ಇಲ್ಲದಿದ್ದರೆ ಬಿರುಕು ಬಿಡುವ ಭಯ. ಮತ್ತೆ ರೀಡ್ ನೆನೆಸಲು ಸ್ವಲ್ಪ ನೀರು. ಅದಕ್ಕೆ ಬಸೂನ್ ವಾದಕರು ಹಿಂದಿನಿಂದ ಮೆಚ್ಚಿಕೊಂಡು ಬಂದದ್ದು ಕ್ಯಾಮೆರಾ ಫಿಲಂ ರೋಲಿನ ಪ್ಲಾಸ್ಟಿಕ್ ಡಬ್ಬಿ: ಮುಚ್ಚಳ ಬಿಗಿ, ನೀರು ಚೆಲ್ಲುವುದಿಲ್ಲ. ಮನೆಯ ಯಾವುದಾದರೂ ಡ್ರಾಯರ್‌ನಲ್ಲಿ ಅಂಥದೊಂದು ಉಳಿದಿದ್ದರೆ ಹುಡುಕಿಕೊಡಿ.