ಪರೀಕ್ಷಾ ಪಟ್ಟಿಯ ಕೆಂಪು ಗೆರೆ

2020-21ರಲ್ಲಿ ಕೋವಿಡ್ ಕ್ಷಿಪ್ರ ಪ್ರತಿಜನಕ ಪರೀಕ್ಷೆಯ ಪಟ್ಟಿಯನ್ನು ನಮ್ಮಲ್ಲಿ ಅನೇಕರು ಆತಂಕದಿಂದ ದಿಟ್ಟಿಸಿದ್ದುಂಟು. ಅಂತಹ ಹಲವು ಪಟ್ಟಿಗಳಲ್ಲಿ ಮೂಡುವ ಕೆಂಪು ಗೆರೆ ಶಾಯಿಯದಲ್ಲ, ಚಿನ್ನದ್ದು!

ಹಳದಿ ಚಿನ್ನ ಕೆಂಪಾಗುವುದು ಹೇಗೆ? 20ರಿಂದ 40 ನ್ಯಾನೋಮೀಟರ್ ವ್ಯಾಸದ ಚಿನ್ನದ ಕಣದಲ್ಲಿ, ಮುಕ್ತ ಎಲೆಕ್ಟ್ರಾನುಗಳೆಲ್ಲ ಬೆಳಕಿನ ವಿದ್ಯುತ್ ಕ್ಷೇತ್ರಕ್ಕೆ ಸಿಲುಕಿ ಒಟ್ಟಾಗಿ ತೂಗಾಡುತ್ತವೆ. ಸುಮಾರು 520 ನ್ಯಾನೋಮೀಟರ್ ತರಂಗದೂರದ ಹಸಿರು ಬೆಳಕಿನೊಡನೆ ಈ ತೂಗಾಟ ಅನುರಣನ ಹೊಂದುತ್ತದೆ. ಹಸಿರನ್ನು ಕಣಗಳು ಹೀರುವುದರಿಂದ ದ್ರಾವಣ ಮಾಣಿಕ್ಯದಂತೆ ಕೆಂಪಗೆ ಕಾಣುತ್ತದೆ. ಇಂತಹ ಬಣ್ಣಕ್ಕೆ ಚಿನ್ನದ ಅತಿಸೂಕ್ಷ್ಮ ಕಣಗಳೇ ಕಾರಣವೆಂದು ಮೈಕೇಲ್ ಫ್ಯಾರಡೆ 1857ರಲ್ಲೇ ವಿವರಿಸಿದ್ದರು.

ಆದರೆ ಚಿನ್ನಕ್ಕೆ ವೈರಸ್ಸಿನ ಗುರುತು ಸಿಗದು. ಗುರುತು ಹಿಡಿಯಬಲ್ಲ ಪ್ರತಿಕಾಯವೋ ಕಣ್ಣಿಗೆ ಕಾಣದು. ಆದ್ದರಿಂದ ಇವೆರಡನ್ನೂ ಜೋಡಿಸಬೇಕು. ಪ್ರತಿಕಾಯವನ್ನು ಚಿನ್ನದ ಮೇಲೆ ನೇರವಾಗಿ ಅಂಟಿಸಬಹುದು. ಹೆಚ್ಚು ಭದ್ರವಾದ ಬಂಧ ಬೇಕಿದ್ದರೆ ನಡುವೆ ಸೇತುವೆಯಂತಹ ಅಣುವೊಂದನ್ನು ಬಳಸುತ್ತಾರೆ. ಅದರ ಒಂದು ತುದಿಯ ಗಂಧಕ ಚಿನ್ನವನ್ನು ಹಿಡಿಯುತ್ತದೆ. ಇನ್ನೊಂದು ತುದಿಯ ಕಾರ್ಬಾಕ್ಸಿಲ್ ಗುಂಪನ್ನು ಪ್ರತಿಕಾಯದ ಅಮೈನೋ ಗುಂಪಿಗೆ ಬೆಸೆಯಲಾಗುತ್ತದೆ. ಪ್ರತಿಕಾಯದ ತೋಳುಗಳು ಹೊರಮುಖವಾಗಿರುವುದು ಮುಖ್ಯ. ಅವು ಚಿನ್ನದ ಕಡೆಗೇ ತಿರುಗಿದ್ದರೆ ವೈರಸ್ಸಿನ ಪ್ರೋಟೀನನ್ನು ಹಿಡಿಯಲಾರವು.

ಪಟ್ಟಿಯ ಮೇಲೆ ಮಾದರಿಯ ಹನಿ ಬಿದ್ದಾಗ, ಬತ್ತಿಯಲ್ಲಿ ಎಣ್ಣೆ ಏರುವಂತೆ, ದ್ರವವು ಈ ಕಣಗಳನ್ನು ಹೊತ್ತು ಸಾಗುತ್ತದೆ. ದ್ರವದಲ್ಲಿ ವೈರಸ್ಸಿನ ಪ್ರೋಟೀನು ಇದ್ದರೆ ಅದು ಕಣಕ್ಕೆ ಅಂಟಿಕೊಳ್ಳುತ್ತದೆ. ‘ಟಿ’ ಗೆರೆಯಲ್ಲಿ ಮೊದಲೇ ನೆಟ್ಟಿರುವ ಪ್ರತಿಕಾಯಗಳು ಅದೇ ಪ್ರೋಟೀನಿನ ಮತ್ತೊಂದು ಭಾಗವನ್ನು ಹಿಡಿದು ಕಣಗಳನ್ನು ಅಲ್ಲಿಯೇ ನಿಲ್ಲಿಸುತ್ತವೆ. ಮುಂದಿರುವ ‘ಸಿ’ ಗೆರೆ ಸಾಮಾನ್ಯವಾಗಿ ಪ್ರೋಟೀನು ಅಂಟದ ಕಣಗಳನ್ನೂ ಹಿಡಿಯುತ್ತದೆ. ಅದು ಮೂಡದಿದ್ದರೆ ಪರೀಕ್ಷೆಯೇ ಅಸಿಂಧು.

‘ಸಿ’ ಗೆರೆ ಮಾತ್ರ ಮೂಡಿದರೆ ಸೋಂಕು ಇಲ್ಲವೆಂದು ಅರ್ಥವೆ? ಇಲ್ಲಿ ಎಚ್ಚರ ಬೇಕು. ಗೆರೆ ನಮ್ಮ ಕಣ್ಣಿಗೆ ಕಾಣಲು ಅಪಾರ ಸಂಖ್ಯೆಯ ಕಣಗಳು ಒಂದೆಡೆ ಸೇರಬೇಕು. ಪಿಸಿಆರ್ ವಿಧಾನ ವೈರಸ್ಸಿನ ಜೀನ್ ತುಣುಕನ್ನು ಮತ್ತೆ ಮತ್ತೆ ನಕಲು ಮಾಡಿ ಹೆಚ್ಚಿಸುತ್ತದೆ. ಪಟ್ಟಿಯಲ್ಲಿ ಅಂತಹ ವರ್ಧನೆ ಇಲ್ಲ. ಆದುದರಿಂದಲೇ, ರೋಗಲಕ್ಷಣವಿದ್ದೂ ಪಟ್ಟಿಯಲ್ಲಿ ನೆಗೆಟಿವ್ ಬಂದವರನ್ನು ಆರ್‌ಟಿ-ಪಿಸಿಆರ್ ಪರೀಕ್ಷೆಗೆ ಒಳಪಡಿಸಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಸೂಚಿಸಿತು. ಗೆರೆ ಮೂಡದಿರುವುದರ ಅರ್ಥ ‘ವೈರಸ್ ಇಲ್ಲ’ ಎಂದಲ್ಲ, ‘ಪಟ್ಟಿಗೆ ಕಾಣುವಷ್ಟು ಇಲ್ಲ’ ಎಂದು. ತರಗತಿಯಲ್ಲಿ ಈ ಪಟ್ಟಿಯನ್ನು ವಿವರಿಸುವಾಗ ಶಿಕ್ಷಕರು ಈ ವ್ಯತ್ಯಾಸವನ್ನು ತಪ್ಪದೆ ತಿಳಿಸಬೇಕು.