ಒಂದೇ ಹೆಸರಿನ ಎರಡು ಬ್ಯಾಕ್ಟೀರಿಯಾ: ಹಣ್ಣಿನ ತೋಟಗಳಿಗೆ ಜೀನೋಮ್ ವಿಜ್ಞಾನದ ನೆರವು

ಹಣ್ಣು ಮತ್ತು ಸಸಿಗಳ ವ್ಯಾಪಾರದಲ್ಲಿ ರೋಗದಷ್ಟೇ ರೋಗದ ಸಂಶಯವೂ ದುಬಾರಿಯಾಗಬಲ್ಲದು. ಸಸಿಗಳಲ್ಲಿ ರೋಗಕಾರಕ ಬ್ಯಾಕ್ಟೀರಿಯಾ ಇದೆಯೆಂದು ಪ್ರಯೋಗಾಲಯವು ವರದಿ ನೀಡಿದರೆ ಸರಕು ನಿಲ್ಲುತ್ತದೆ, ಹೂಡಿದ ಬಂಡವಾಳವೂ ನಿಲ್ಲುತ್ತದೆ. ಆದರೆ ಆರೋಗ್ಯವಂತ ಗಿಡದ ಎಲೆ, ತೊಗಟೆ, ಹೂಗಳ ಮೇಲೂ ಅಸಂಖ್ಯ ಬ್ಯಾಕ್ಟೀರಿಯಾಗಳು ನೆಲೆಸಿರುತ್ತವೆ. ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಹಾನಿಕಾರಕವನ್ನು ಅದರ ಸಾಧು ಸ್ವಭಾವದ ಬಂಧುವಿನಿಂದ ಬೇರ್ಪಡಿಸುವುದೇ ಕಠಿಣ ಕಾರ್ಯ. ಇದರ ಮಹತ್ವವನ್ನು ನ್ಯೂಜಿಲೆಂಡಿನ ಕಿವಿ ಹಣ್ಣಿನ ಉದ್ಯಮವು ಭಾರೀ ಬೆಲೆ ತೆತ್ತು ಅರಿತುಕೊಂಡಿತು.

ಹಳದಿ ಕಿವಿಗೆ ಬಂದ ಆಪತ್ತು

2010ರ ನವೆಂಬರಿನಲ್ಲಿ ನ್ಯೂಜಿಲೆಂಡಿನ ಟೆ ಪುಕೆ ಪ್ರದೇಶದ ತೋಟವೊಂದರಲ್ಲಿ 'ಪಿಎಸ್‌ಎ' ಎಂದು ಸಂಕ್ಷಿಪ್ತವಾಗಿ ಕರೆಯಲಾಗುವ ಬ್ಯಾಕ್ಟೀರಿಯಾ ಪತ್ತೆಯಾಯಿತು. ಸೂಡೊಮೊನಾಸ್ ಸಿರಿಂಗೆ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ ಇದು ಜಪಾನಿನಲ್ಲಿ 1980ರ ದಶಕದಲ್ಲೇ ಗುರುತಿಸಲ್ಪಟ್ಟಿತ್ತು; 2008ರಿಂದ ಇಟಲಿಯ ತೋಟಗಳನ್ನೂ ಕಾಡತೊಡಗಿತ್ತು. ನ್ಯೂಜಿಲೆಂಡಿನಲ್ಲಿ ಇದಕ್ಕೆ ಹೆಚ್ಚು ಬಲಿಯಾದದ್ದು 'ಹಾರ್ಟ್16ಎ' ಎಂಬ ಹಳದಿ ತಿರುಳಿನ ತಳಿ. ಬೆಳೆಗಾರರು ಬಳ್ಳಿಗಳನ್ನು ಕಡಿದು, ರೋಗವನ್ನು ಹೆಚ್ಚು ಸಹಿಸಬಲ್ಲ ಬೇರೊಂದು ತಳಿಯನ್ನು ಕಸಿ ಮಾಡಬೇಕಾಯಿತು. ಇಂದು 'ಸನ್‌ಗೋಲ್ಡ್' ಹೆಸರಿನಲ್ಲಿ ಮಾರಾಟವಾಗುವ ಹಣ್ಣು ಆ ತಳಿಯದೇ.

ಎರಡು ಸ್ವಭಾವಗಳು

ತೋಟಗಳ ಸಮೀಕ್ಷೆ ಮುಂದುವರಿದಂತೆ ಗೊಂದಲವೊಂದು ತಲೆದೋರಿತು. ಆಗ ಬಳಕೆಯಲ್ಲಿದ್ದ ಪರೀಕ್ಷೆಯಲ್ಲಿ ಪಿಎಸ್‌ಎ ಎಂದೇ ಗುರುತಿಸಲ್ಪಟ್ಟರೂ ಕೆಲವು ಬ್ಯಾಕ್ಟೀರಿಯಾಗಳು ಎಲೆಯ ಮೇಲೆ ಚುಕ್ಕೆ ಮೂಡಿಸುವುದಕ್ಕಷ್ಟೇ ಸೀಮಿತವಾಗಿದ್ದವು, ಬಳ್ಳಿಯನ್ನು ಕೊಲ್ಲುತ್ತಿರಲಿಲ್ಲ. ಎರಡನ್ನೂ ಒಂದೇ ಎಂದು ಪರಿಗಣಿಸಿದರೆ ಉಳಿಸಬಹುದಾದ ತೋಟವೂ ನಿರ್ಬಂಧಕ್ಕೆ ಒಳಗಾಗುವ ಅಪಾಯವಿತ್ತು.

ಉತ್ತರ ದೊರೆತದ್ದು ಜೀನೋಮ್ ವಿಜ್ಞಾನದಿಂದ. ಜೀವಿಯೊಂದರ ಸಮಗ್ರ ವಂಶವಾಹಿ ಬರಹವೇ ಜೀನೋಮ್. ಪಿಎಸ್‌ಎಯಲ್ಲಿ ಈ ಬರಹವು ಸುಮಾರು 65 ಲಕ್ಷ ಅಕ್ಷರಗಳಷ್ಟು ಉದ್ದವಿದೆ. ಹಳೆಯ ಪರೀಕ್ಷೆಗಳು ಇದರಲ್ಲಿ ಒಂದೆರಡು ಸಾಲುಗಳನ್ನಷ್ಟೇ ಓದುತ್ತಿದ್ದವು. ಪೂರ್ತಿ ಓದಿ ಹೋಲಿಸಿದಾಗ ಎರಡೂ ಬಗೆಗಳು ಬೇರೆ ಬೇರೆ ಶಾಖೆಗಳಿಗೆ ಸೇರಿದವೆಂಬುದು ಸ್ಪಷ್ಟವಾಯಿತು. ಈ ಬ್ಯಾಕ್ಟೀರಿಯಾಗಳು ಸೂಜಿಯಂತಹ ರಚನೆಯ ಮೂಲಕ ಗಿಡದ ಜೀವಕೋಶಕ್ಕೆ ಪ್ರೋಟೀನ್‌ಗಳನ್ನು ಚುಚ್ಚಿ ಅದರ ರಕ್ಷಣಾ ವ್ಯವಸ್ಥೆಯನ್ನು ಕುಗ್ಗಿಸುತ್ತವೆ. ಈ ಪ್ರೋಟೀನ್‌ಗಳ ಪಟ್ಟಿ ಎರಡೂ ಬಗೆಗಳಲ್ಲಿ ಬೇರೆಯಾಗಿತ್ತು. 2015ರಲ್ಲಿ ಸೌಮ್ಯ ಬಗೆಗೆ ಪ್ರತ್ಯೇಕ ಹೆಸರನ್ನೇ ನೀಡಲಾಯಿತು.

ಪ್ರತಿಯೊಂದು ಸಸಿಗೂ ಜೀನೋಮ್ ಓದಿಸುವ ಅಗತ್ಯವಿಲ್ಲವೆಂಬುದು ಗಮನಾರ್ಹ. ಹಾನಿಕಾರಕದಲ್ಲಿ ಮಾತ್ರ ಇರುವ ಭಾಗವನ್ನು ಒಮ್ಮೆ ಗುರುತಿಸಿಕೊಂಡರೆ, ಅದನ್ನಷ್ಟೇ ಹುಡುಕುವ ಪಿಸಿಆರ್ ಪರೀಕ್ಷೆಯನ್ನು ಕಡಿಮೆ ವೆಚ್ಚದಲ್ಲಿ ನಡೆಸಬಹುದು.

ಮೂಲದ ಪತ್ತೆ

ಉಗ್ರ ಬಗೆಯ ಮೂಲ ಚೀನಾ ದೇಶದತ್ತ ಬೆರಳು ಮಾಡುವುದನ್ನೂ ಜೀನೋಮ್ ಅಧ್ಯಯನಗಳು ತೋರಿಸಿದವು. ಚೀನಾದಿಂದ ಪರಾಗದ ಆಮದಿಗೆ ಅವಕಾಶ ನೀಡಿದ್ದೇ ನಷ್ಟಕ್ಕೆ ಕಾರಣವೆಂದು ಬೆಳೆಗಾರರು ಸರ್ಕಾರದ ವಿರುದ್ಧ ಮೊಕದ್ದಮೆ ಹೂಡಿದರು. 2018ರಲ್ಲಿ ಹೈಕೋರ್ಟ್ ಅವರ ಪರವಾಗಿ ತೀರ್ಪಿತ್ತರೂ 2020ರಲ್ಲಿ ಮೇಲ್ಮನವಿ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. 2021ರಲ್ಲಿ 4 ಕೋಟಿ ನ್ಯೂಜಿಲೆಂಡ್ ಡಾಲರಿಗೆ ರಾಜಿಯಾಯಿತು.

ನಿರುಪದ್ರವಿಗಳ ಬಗೆಗೂ ಎಚ್ಚರ

'ನಿರುಪದ್ರವಿ' ಎಂಬ ಮುದ್ರೆ ಶಾಶ್ವತವಲ್ಲ. ಬ್ಯಾಕ್ಟೀರಿಯಾಗಳು ನೆರೆಯವುಗಳೊಡನೆ ವಂಶವಾಹಿಗಳನ್ನು ಕೊಟ್ಟು ತೆಗೆದುಕೊಳ್ಳುತ್ತವೆ. 2010ರಲ್ಲಿ ನ್ಯೂಜಿಲೆಂಡಿನ ಪಿಎಸ್‌ಎಗೆ ತಾಮ್ರ ನಿರೋಧಕ ಶಕ್ತಿ ಇರಲಿಲ್ಲ. ತಾಮ್ರಯುಕ್ತ ಔಷಧಗಳ ಸಿಂಪಡಣೆ ನಡೆದ ತೋಟಗಳಲ್ಲಿ 2014ರ ವೇಳೆಗೆ ಆ ಶಕ್ತಿಯುಳ್ಳವು ಕಂಡುಬಂದವು. ಸಂಬಂಧಿತ ವಂಶವಾಹಿಗಳು ಇತರ ಬ್ಯಾಕ್ಟೀರಿಯಾಗಳಿಂದ ವರ್ಗಾವಣೆಗೊಂಡಿದ್ದವು. ಒಂದೇ ಔಷಧವನ್ನು ನಿರಂತರವಾಗಿ ಮಾರುವವರೂ ಬಳಸುವವರೂ ಇದನ್ನು ಗಮನಿಸಬೇಕು.

ನಮ್ಮ ದಾಳಿಂಬೆಗೆ ಅನ್ವಯ

ಬಾಗಲಕೋಟೆ, ವಿಜಯಪುರ, ಕೊಪ್ಪಳ, ಚಿತ್ರದುರ್ಗ ಜಿಲ್ಲೆಗಳ ದಾಳಿಂಬೆ ಬೆಳೆಗಾರರಿಗೆ ದುಂಡಾಣು ಅಂಗಮಾರಿ ರೋಗವು ಹೊಸತಲ್ಲ. ಕ್ಸಾಂಥೊಮೊನಾಸ್ ಎಂಬ ಬೇರೊಂದು ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಹೊರನೋಟಕ್ಕೆ ಆರೋಗ್ಯವಾಗಿ ಕಾಣುವ ಸಸಿಯೂ ಇದನ್ನು ಹೊಸ ತೋಟಕ್ಕೆ ಹೊತ್ತೊಯ್ಯಬಲ್ಲದು. 2012ರಲ್ಲಿ ಚಂಡೀಗಢದ ಸೂಕ್ಷ್ಮಜೀವಿ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇದರ ಜೀನೋಮ್ ಕರಡನ್ನು ಪ್ರಕಟಿಸಿದರು.

ಆದ್ದರಿಂದ ಸಸಿಗಳನ್ನು ಕೊಳ್ಳುವ ಮತ್ತು ಮಾರುವ ಉದ್ಯಮಿಗಳು ವರದಿಯಲ್ಲಿ ಬ್ಯಾಕ್ಟೀರಿಯಾದ ಹೆಸರನ್ನು ಮಾತ್ರ ನೋಡಿದರೆ ಸಾಲದು. ಪರೀಕ್ಷೆಯು ಇಡೀ ಕುಟುಂಬವನ್ನು ಗುರುತಿಸುತ್ತದೆಯೋ, ಅಥವಾ ರೋಗ ತರುವ ಬಗೆಯನ್ನೇ ಗುರುತಿಸುತ್ತದೆಯೋ ಎಂದು ಪ್ರಯೋಗಾಲಯವನ್ನು ವಿಚಾರಿಸುವುದು ಒಳಿತು. ಪ್ರತಿ ತಂಡದ ಸಸಿಗಳ ತಾಯಿಗಿಡ ಹಾಗೂ ಖರೀದಿಯ ದಾಖಲೆಗಳನ್ನು ಕಾಪಾಡಿಕೊಳ್ಳುವುದೂ ಅಷ್ಟೇ ಅಗತ್ಯ. ಬ್ಯಾಕ್ಟೀರಿಯಾ ಎಲ್ಲಿಂದ ಬಂತೆಂಬುದನ್ನು ಜೀನೋಮ್ ಸೂಚಿಸಬಲ್ಲದು. ಸಸಿ ಯಾರ ಕೈಯಿಂದ ಯಾರಿಗೆ ಹೋಯಿತೆಂಬುದಕ್ಕೆ ವ್ಯಾಪಾರಿಯ ಲೆಕ್ಕಪುಸ್ತಕವೇ ಸಾಕ್ಷಿ.