ಅಲಗಿನ ದಾರಿ

ಡೊಂಬಿವಲಿ ಪಶ್ಚಿಮದ ಮೈದಾನವೊಂದರ ಮೂಲೆಯಲ್ಲಿ ಮರ್ದಾನಿ ಖೇಳ್ ಎಂಬ ಮರಾಠಾ ಶಸ್ತ್ರವಿದ್ಯೆಯ ಭಾನುವಾರದ ಪಾಠ ಮುಗಿದ ಮೇಲೆ, ಅದನ್ನು ಕಲಿಸುವ ವಸ್ತಾದರು ನೆಲಕ್ಕೆ ಬಿದ್ದ ಲಿಂಬೆ ಹೋಳುಗಳನ್ನು ಒಂದೊಂದಾಗಿ ಹೆಕ್ಕುತ್ತಾರೆ. ಒಂದನ್ನು ಬೆಳಕಿಗೆ ಹಿಡಿದು, ಕೊಯ್ದ ಮುಖದ ಮೇಲೆ ಹೆಬ್ಬೆರಳಾಡಿಸಿ, ಹೊಡೆದ ಹುಡುಗನನ್ನು ಕರೆಯುತ್ತಾರೆ. ಯಾವ ಹೋಳು ಯಾರದೆಂದು ಅವರು ಕೇಳುವುದಿಲ್ಲ. ಮುಖ ನುಣ್ಣಗಿದ್ದು, ನಡುವಿನ ಬೀಜವೂ ಸರಿಯಾಗಿ ಎರಡಾಗಿದ್ದರೆ ಅಲಗು ನೇರ ಹೋಗಿದೆ. ಒಂದು ಬದಿ ನುಣುಪಾಗಿ, ಅಲಗು ಹೊರಬಿದ್ದ ಬದಿಯಲ್ಲಿ ಸಿಪ್ಪೆ ಹರಿದು ಎಳೆಯೆದ್ದಿದ್ದರೆ ಅರ್ಧ ದಾರಿಯಲ್ಲಿ ಅದು ಹೊರಳಿದೆ. ಜಜ್ಜಿ ರಸ ಸೋರಿದ್ದರೆ ತಾಗಿದ್ದು ಬಾಯಿಯಲ್ಲ, ಕತ್ತಿಯ ಹೊಟ್ಟೆ. ಹೋಳಾಗದೆ ಇಡಿಯಾಗಿ ಹಾರಿಹೋದ ಹಣ್ಣುಗಳನ್ನು ಚಿಕ್ಕ ಮಕ್ಕಳು ಬೇಲಿಯ ಬುಡದಿಂದ ಹುಡುಕಿ ತರುತ್ತಾರೆ. ಆ ಹೊಡೆತಗಳ ಬಗ್ಗೆ ಹೇಳುವುದೇನೂ ಉಳಿದಿರುವುದಿಲ್ಲ.

ನಾನು ಅಲ್ಲಿಗೆ ಹೋದದ್ದು ಈ ಹೋಳು ಓದುವಿಕೆಯನ್ನು ನೋಡಲೆಂದೇ. ವಸ್ತಾದರು ನಿಪ್ಪಾಣಿ ಕಡೆಯವರು. ಮನೆಮಾತು ಕನ್ನಡ, ಕಲಿಸುವ ಮಾತು ಮರಾಠಿ. ಹುಡುಗನಾಗಿದ್ದಾಗ ಕೊಲ್ಹಾಪುರದ ತಾಲೀಮಿನಲ್ಲಿ ಕಲಿತರು, ಹೊಟ್ಟೆಪಾಡಿಗೆ ಕಲ್ಯಾಣಕ್ಕೆ ಬಂದರು, ನಿವೃತ್ತಿಯ ನಂತರ ಮತ್ತೆ ಕತ್ತಿ ಹಿಡಿದರು. ನನ್ನೊಡನೆ ಕನ್ನಡದಲ್ಲೇ ಮಾತು: “ಬೀಸೂದು ಎಲ್ಲಾರಿಗೂ ಬರ್ತೈತ್ರಿ. ಅಲಗು ಹೋಗೂ ದಾರಿ ಕೈಗೆ ಗೊತ್ತಿರಬೇಕು. ಅದಕ್ಕ ವರ್ಷ ಬೇಕು.”

ಅವರು ಕಲಿಸುವ ಮುಖ್ಯ ಶಸ್ತ್ರ ದಾಂಡಪಟ್ಟಾ. ಬೇರೆ ಕತ್ತಿಗಳಿಗೆ ಹಿಡಿ ಇರುತ್ತದೆ. ಇದಕ್ಕೆ ಮೊಳಕೈವರೆಗೆ ಮುಚ್ಚುವ ಲೋಹದ ಕೈಗವಸೇ ಇದೆ. ಅದಕ್ಕೆ ಖೋಬಳಾ ಎನ್ನುತ್ತಾರೆ. ಒಳಗಿನ ಅಡ್ಡಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದರೆ ಮಣಿಕಟ್ಟು ಬಂದಿಯಾಗುತ್ತದೆ. ಮುಂದೆ ಮೂರು ಅಡಿಗೂ ಮೀರಿದ, ತೆಳುವಾದ, ಬಳುಕುವ ಅಲಗು. ಮಣಿಕಟ್ಟು ತಿರುಗದ ಮೇಲೆ ಹೊಡೆತ ಭುಜದಿಂದ, ಸೊಂಟದಿಂದ, ಕೊನೆಗೆ ಪಾದದಿಂದಲೇ ಬರಬೇಕು. ಆದ್ದರಿಂದ ಮೊದಲು ಲಾಠಿ, ಆಮೇಲೆ ಗುರಾಣಿ-ಕೋಲಿನ ಫರಿ-ಗದಗಾ, ಅದರ ನಂತರವೇ ಪಟ್ಟಾ. ಪವಿತ್ರಾ, ಅಂದರೆ ಕಾಲಿನ ನಿಲುವು, ಕೂಡದೆ ಲಿಂಬೆಯ ಹತ್ತಿರಕ್ಕೂ ಬಿಡುವುದಿಲ್ಲ. ಲಾಠಿಯ ಪಾಠವನ್ನು ನಾನು ಅರೆಮನಸ್ಸಿನಿಂದ ನೋಡಿದೆ ಎಂದು ಒಪ್ಪಲೇಬೇಕು. ಕಣ್ಣೆಲ್ಲ ಲಿಂಬೆಯ ಮೇಲಿತ್ತು.

ಲಿಂಬೆಯನ್ನು ನೆಟ್ಟ ಗೂಟದ ತಲೆಯ ಮೇಲೆ ಸುಮ್ಮನೆ ಕೂರಿಸುತ್ತಾರೆ. ಕಟ್ಟುವುದಿಲ್ಲ, ಚುಚ್ಚುವುದಿಲ್ಲ. ಅಡ್ಡ ಹೊಡೆತಕ್ಕೆ ಮೇಲಿನ ಹೋಳು ಜಾರಿ ಬೀಳಬೇಕು, ಕೆಳಗಿನದು ಕುಳಿತಲ್ಲೇ ಕುಳಿತಿರಬೇಕು. ಇದರ ಗುಟ್ಟು ಬಲದಲ್ಲಿಲ್ಲ. ಅಲಗಿನ ಬಾಯಿಂದ ಬೆನ್ನಿಗೆ ಒಂದು ಗೆರೆ ಎಳೆದರೆ, ಕತ್ತಿ ಚಲಿಸುವ ದಿಕ್ಕು ಅದೇ ಗೆರೆಯ ಮೇಲಿರಬೇಕು. ಸ್ವಲ್ಪ ವಾಲಿದರೂ ಹಣ್ಣು ಅಲಗನ್ನು ಒಂದು ಪಕ್ಕಕ್ಕೆ ನೂಕುತ್ತದೆ. ಬಳುಕುವ ಪಟ್ಟಾ ಬಾಗುತ್ತದೆ, ಬಾಗಿದಷ್ಟೂ ವಾಲುತ್ತದೆ. ತೋಳಿನ ಬಲವೆಲ್ಲ ಕೊಯ್ಯುವುದನ್ನು ಬಿಟ್ಟು ತಳ್ಳುವುದಕ್ಕೆ ಹೋಗುತ್ತದೆ. ಹೆಚ್ಚು ಬಲ ಹಾಕಿದವನ ಹಣ್ಣೇ ಹೆಚ್ಚು ದೂರ ಹಾರುವುದು ಇದರಿಂದಲೇ. ಜಪಾನಿನ ಕತ್ತಿವರಸೆಯವರು ಒದ್ದೆ ಮಾಡಿ ಸುತ್ತಿದ ಚಾಪೆಯನ್ನು ಕಡಿದು ಪರೀಕ್ಷಿಸಿಕೊಳ್ಳುವುದೂ ಅಲಗಿನ ಈ ನೇರವನ್ನೇ.

ಹಣ್ಣು ಎಲ್ಲಿ ತಾಗಬೇಕೆಂಬುದು ಇನ್ನೊಂದು ಪಾಠ. ತುದಿಯಲ್ಲಿ ತಾಗಿದರೆ ಗೀರುತ್ತದೆ, ಬುಡದಲ್ಲಿ ತಾಗಿದರೆ ವೇಗವಿರುವುದಿಲ್ಲ. ತುದಿಯಿಂದ ಒಂದು ಗೇಣು ಹಿಂದೆ ತಾಗಿಸಿ, ತಾಗಿದ ಗಳಿಗೆಯಲ್ಲೇ ತನ್ನತ್ತ ಎಳೆಯಬೇಕು. ತಲ್ವಾರಿನಲ್ಲಿ ಈ ಎಳೆತ ಶಸ್ತ್ರದ ರಚನೆಯಲ್ಲೇ ಅಡಗಿದೆ. ಹಿಡಿಯ ಕೊನೆಯಲ್ಲಿ ತಟ್ಟೆಯಾಕಾರದ ಬಿಲ್ಲೆ ಇರುತ್ತದಲ್ಲ, ಕೈಯನ್ನು ಪೂರ್ತಿ ಚಾಚಿ ಕೊಚ್ಚಲು ಹೋದರೆ ಅದು ಮಣಿಕಟ್ಟಿಗೆ ಒತ್ತುತ್ತದೆ. ಮೊಳಕೈ ಮಡಿಸಿ ಎಳೆದರೆ ಒತ್ತುವುದಿಲ್ಲ. ಬಾಗಿದ ಅಲಗು ಮಿಕ್ಕ ಕೆಲಸ ಮಾಡುತ್ತದೆ.

ಹರಿತವಿದ್ದರೆ ಯಾರ ಕೈಯಲ್ಲಾದರೂ ಕತ್ತಿ ಕಡಿಯುತ್ತದೆ ಎನ್ನುವ ವಾದವೂ ಉಂಟು, ಹಳೆಯದೇ. ಬ್ರಿಟಿಷ್ ಕುದುರೆದಳದ ಅಧಿಕಾರಿ ಲೂಯಿಸ್ ನೋಲನ್ 1853ರಲ್ಲಿ ಬರೆದ ಪುಸ್ತಕದಲ್ಲಿ ಹೈದರಾಬಾದ್ ನಿಜಾಮರ ಸವಾರರ ಪ್ರಸಂಗವಿದೆ. ಅವರ ಏಟಿನ ಭೀಕರತೆ ಕೇಳಿ ಬೆರಗಾದ ಅವನಿಗೆ, ಆ ಅಲಗುಗಳು ಬ್ರಿಟಿಷರೇ ಬಿಸಾಡಿದ ಹಳೆಯ ಕತ್ತಿಗಳವು ಎಂದು ತಿಳಿಯಿತು. ಸವಾರರು ಅವಕ್ಕೆ ಸಾಣೆ ಹಿಡಿಸಿ ಮರದ ಒರೆಯಲ್ಲಿಟ್ಟಿದ್ದರು. ಬ್ರಿಟಿಷರ ಉಕ್ಕಿನ ಒರೆಯಲ್ಲಿ ಅದೇ ಕತ್ತಿಯ ಬಾಯಿ ಸವೆದು ಮೊಂಡಾಗುತ್ತಿತ್ತು. ಹೊಡೆತದ ವಿಶೇಷ ಪಾಠವೇನಾದರೂ ಇದೆಯೇ ಎಂದು ಕೇಳಿದ್ದಕ್ಕೆ, ಹರಿತವಾದ ಕತ್ತಿಗೆ ಪಾಠ ಬೇಡವೆಂಬ ಅರ್ಥದ ಉತ್ತರ ಬಂತಂತೆ. ಒರೆ ಮತ್ತು ಸಾಣೆಯ ಮಾತನ್ನು ನಾನು ಒಪ್ಪುತ್ತೇನೆ, ಪಾಠದ ಮಾತನ್ನು ಒಪ್ಪಲಾರೆ. ಎಳೆಯ ವಯಸ್ಸಿನಿಂದ ಕುದುರೆಯ ಮೇಲೆ ಕತ್ತಿ ಹಿಡಿದವರಿಗೆ ತಾವು ಕಲಿತದ್ದು ಕಲಿಕೆಯೆಂದು ಅನಿಸಿರಲಿಕ್ಕಿಲ್ಲ.

ನಮ್ಮ ಕೊಡಗಿನಲ್ಲಿ ಈ ಕೌಶಲ ಮದುವೆಯ ಶಾಸ್ತ್ರವಾಗಿಯೇ ಉಳಿದಿದೆ. ನೆಟ್ಟ ಬಾಳೆದಿಂಡನ್ನು ಒಡಿಕತ್ತಿಯಿಂದ ಒಂದೇ ಏಟಿಗೆ ಕಡಿಯುವ ಬಾಳೆ ಬಿರುದಿನ ಗೌರವ ಸೋದರಮಾವನ ಕಡೆಯವರಿಗೆ, ನೆಂಟರಿಗೆ ಸಲ್ಲುತ್ತದೆ. ಒಡಿಕತ್ತಿಯ ಬಾಯಿ ಇರುವುದು ಒಳಬಾಗಿನಲ್ಲಿ, ಭಾರವಿರುವುದು ಮುಂಭಾಗದಲ್ಲಿ. ಬಾಳೆ ಮೆತ್ತಗಿನದು, ಯಾರು ಬೇಕಾದರೂ ಕಡಿದಾರು ಎಂದುಕೊಳ್ಳುವವರು ಒಮ್ಮೆ ಪ್ರಯತ್ನಿಸಿ ನೋಡಬೇಕು. ನೀರು ತುಂಬಿದ ಪದರಗಳ ನಡುವೆ ವಾಲಿದ ಕತ್ತಿ ಸಿಕ್ಕಿಕೊಳ್ಳುತ್ತದೆ, ದಿಂಡು ಅರ್ಧ ಕಡಿದು ಜೋತುಬೀಳುತ್ತದೆ. ವಸ್ತಾದರಿಗೆ ಇದನ್ನು ಹೇಳಿದೆ. ಅವರು ಕೊಡಗು ಕಂಡವರಲ್ಲ. “ಅಲ್ಲಿ ಮದುವಿಯೊಳಗ ಕಡೀತಾರೇನ್ರಿ? ಹಂಗಾರ ಅಲ್ಲಿ ಇದು ಸಾಯೂದಿಲ್ಲ ಬಿಡ್ರಿ,” ಎಂದರು.

ವಸ್ತಾದರು ಕಲಿಸುವ ಕಲ್ಯಾಣ-ಠಾಣೆಯ ಸೀಮೆಗೂ ಕತ್ತಿಗೂ ಹಳೆಯ ನಂಟು. ಶಿವಾಜಿ ಕಲ್ಯಾಣ, ಭಿವಂಡಿಗಳನ್ನು ಗೆದ್ದದ್ದು 1657ರಲ್ಲಿ. ಮರಾಠರ ಹಡಗು ಕಟ್ಟುವ ಕೆಲಸಕ್ಕೆ ಕಲ್ಯಾಣದ ಖಾರಿ ನೆಲೆಯಾಯಿತು, ಅದರ ದಡದಲ್ಲಿ ದುರ್ಗಾಡಿ ಕೋಟೆ ಈಗಲೂ ಇದೆ. ಠಾಣೆಯ ಕೋಟೆಯನ್ನು ಮರಾಠರು ಪೋರ್ಚುಗೀಸರಿಂದ ಕಿತ್ತುಕೊಂಡದ್ದು 1737ರಲ್ಲಿ. ಈಗ ಅದು ಕಾರಾಗೃಹ. ಪಶ್ಚಿಮ ಕರಾವಳಿಯ ಬಂದರುಗಳಿಗೆ ಇಳಿದ ಯುರೋಪಿನ ಅಲಗುಗಳಿಗೆ ಇಲ್ಲಿನ ಹಿಡಿ ಕೂರಿಸಿದ್ದೇ ಫಿರಂಗಿ ಕತ್ತಿ. ಮರಾಠಾ ಸರದಾರ ರಘೂಜಿ ಭೋಸಲೆ ಅವರದೆಂದು ಮಹಾರಾಷ್ಟ್ರ ಸರ್ಕಾರ ಲಂಡನ್ನಿನ ಹರಾಜಿನಲ್ಲಿ ಕೊಂಡು 2025ರ ಆಗಸ್ಟಿನಲ್ಲಿ ಮುಂಬೈಗೆ ತಂದ ಕತ್ತಿಯೂ ಆ ಬಗೆಯದೇ. ಪಟ್ಟಾ ಎಂದೊಡನೆ ಎಲ್ಲರೂ ಕೋಟೆ, ಕದನ ಎನ್ನುತ್ತಾರೆ. ವಸ್ತಾದರು ಮಾತ್ರ ಪುಣೆಯ ಲಹೂಜಿ ಸಾಳ್ವೆಯವರ ತಾಲೀಮನ್ನು ಮೊದಲು ನೆನೆಯುತ್ತಾರೆ. ಜೋತಿಬಾ ಫುಲೆ ದಾಂಡಪಟ್ಟಾ ಕಲಿತದ್ದು ಅಲ್ಲಿ. ಮುಂದೆ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಕೈ ಮೊದಲು ಪಟ್ಟಾ ಹಿಡಿದಿತ್ತೆಂಬುದನ್ನು ಅವರು ಹೊಸ ಮಕ್ಕಳಿಗೆಲ್ಲ ಹೇಳುತ್ತಾರೆ.

ಡೊಂಬಿವಲಿಯ ಗಣೇಶ ಮಂದಿರ ಸಂಸ್ಥಾನ 1999ರಲ್ಲಿ ಆರಂಭಿಸಿದ, ಮರಾಠಿ ಹೊಸವರ್ಷದ ಗುಡಿಪಾಡವಾ ಸ್ವಾಗತಯಾತ್ರೆ ಊರೂರಿಗೆ ಹಬ್ಬಿದೆ. ಫಡಕೆ ರಸ್ತೆಯ ಜನಸಂದಣಿಯಲ್ಲಿ ಢೋಲ್-ತಾಶೆಯ ನಡುವೆ ಪಟ್ಟಾ ತಿರುಗಿಸುವ ಮಕ್ಕಳನ್ನು ಕಂಡರೆ ಮನಸ್ಸು ತುಂಬುತ್ತದೆ. ಅಲ್ಲಿ ಅಲಗು ಮೊಂಡಾಗಿರಬೇಕು, ಇರಲೇಬೇಕು. ಕಾನೂನೂ ಅದನ್ನೇ ಬಯಸುತ್ತದೆ. ಆದರೆ ಮೆರವಣಿಗೆಗೆಂದಷ್ಟೇ ಕಲಿತ ಕೈ ವೇಗವನ್ನು ಕಲಿಯುತ್ತದೆ, ದಾರಿಯನ್ನು ಕಲಿಯುವುದಿಲ್ಲ. ಅಲಗು ವಾಲಿದ್ದರೂ ಗಾಳಿ ದೂರುವುದಿಲ್ಲ, ಮೊಬೈಲಿನಲ್ಲಿ ಹಿಡಿದ ತುಣುಕಿನಲ್ಲೂ ಅದು ಕಾಣುವುದಿಲ್ಲ. ಅಂಗೈ ಮೇಲೆ, ಕೊರಳ ಮೇಲೆ ಲಿಂಬೆಯಿಟ್ಟು ಹೊಡೆಯುವ ಪ್ರದರ್ಶನಗಳಿಗೆ ಚಪ್ಪಾಳೆ ಹೆಚ್ಚು. ವಸ್ತಾದರು ಅದನ್ನು ಪೂರ್ತಿ ನಿಲ್ಲಿಸಿದ್ದಾರೆ. ಅದು ಸರಿಯೆಂದೇ ನನಗನಿಸುತ್ತದೆ: ಗೂಟದ ಮೇಲಿನ ಹಣ್ಣು ಕಲಿಸುವುದಕ್ಕಿಂತ ಹೆಚ್ಚಿನದನ್ನು ಅಂಗೈ ಮೇಲಿನ ಹಣ್ಣು ಕಲಿಸುವುದಿಲ್ಲ. ಬೇಕಾದದ್ದು ಬೇಲಿ ಹಾಕಿದ ಒಂದು ಅಂಗಳ, ಹಿರಿಯರ ಕಣ್ಣು, ವಾರಕ್ಕೊಂದು ಬುಟ್ಟಿ ಲಿಂಬೆ. ಲಿಂಬೆಯನ್ನು ಈಗ ನವಿ ಮುಂಬೈಯ ಶಿಷ್ಯನೊಬ್ಬ ವಾಶಿಯ ಎಪಿಎಂಸಿ ಮಾರುಕಟ್ಟೆಯಿಂದ ತರುತ್ತಾನೆ. ಹೊಸಬರಿಗೆ ಗಟ್ಟಿ ಹಣ್ಣು, ಪಳಗಿದವರಿಗೆ ಮೆತ್ತಗಾದದ್ದು. ಮೆತ್ತಗಿನದು ಅದುಮಿಕೊಳ್ಳುವುದರಿಂದ ಕೊಯ್ಯುವುದು ಕಷ್ಟ. ಬೇಸಿಗೆಯಲ್ಲಿ ಬೆಲೆ ಏರಿದಾಗ ಬುಟ್ಟಿ ಚಿಕ್ಕದಾಗುತ್ತದೆ.

2024ರ ಫೆಬ್ರವರಿಯಲ್ಲಿ ದಾಂಡಪಟ್ಟಾವನ್ನು ಮಹಾರಾಷ್ಟ್ರದ ರಾಜ್ಯಶಸ್ತ್ರವೆಂದು ಘೋಷಿಸಿದ ಮೇಲೆ ಈ ಅಂಗಳಕ್ಕೆ ಹೆಣ್ಣುಮಕ್ಕಳು ಹೆಚ್ಚಾಗಿ ಬರುತ್ತಿದ್ದಾರೆ. ಇರುವ ಪಟ್ಟಾಗಳೆಲ್ಲ ದೊಡ್ಡ ಗಂಡಸರ ಕೈ ಅಳತೆಯವು. ಎಳೆಯ ಕೈ ಖೋಬಳಾದೊಳಗೆ ಅಲುಗಾಡುತ್ತದೆ. ಕೈ ಅಲುಗಿದರೆ ಅಲಗು ಹೊರಳುತ್ತದೆ. ಠಾಣೆಯಿಂದ ಬರುವ ಹುಡುಗಿಯೊಬ್ಬಳ ನಿಲುವು, ಸೊಂಟದ ತಿರುವು ಎಲ್ಲವೂ ಚೊಕ್ಕ, ಆದರೆ ಅವಳ ಹೋಳಿನ ಒಂದು ಬದಿ ಪ್ರತಿ ಬಾರಿಯೂ ಹರಿದಿರುತ್ತದೆ. ತಪ್ಪು ಅವಳದಲ್ಲವೆಂದು ವಸ್ತಾದರಿಗೆ ಗೊತ್ತು. ಚಿಕ್ಕ ಅಳತೆಯದೊಂದನ್ನು ಮಾಡಿಕೊಡಲು ಕೊಲ್ಹಾಪುರದ ಕಮ್ಮಾರರಿಗೆ ಹೇಳಿ ಕಳಿಸಿದ್ದಾರೆ. ಅವರು ಹೂಂ ಎಂದಿದ್ದಾರೆ, ದಿನ ಹೇಳಿಲ್ಲ. ಅಲ್ಲಿಯವರೆಗೆ ಅವಳ ಮುಂಗೈಗೆ ಹಳೆಯ ಧೋತರದ ಬಟ್ಟೆ ಸುತ್ತಿ, ಸಂದು ತುಂಬಿಸಿ, ಪಟ್ಟಾ ತೊಡಿಸುತ್ತಾರೆ.